ಮನಸ್ಸು ಅಲೆದರೆ ಪ್ರಾರ್ಥನೆಯನ್ನು ಮೊದಲಿನಿಂದ ಆರಂಭಿಸಬೇಕೆ?

ಪ್ರಶ್ನೆ: ಚರ್ಚಿನ ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಶನಿವಾರ ರಾತ್ರಿಯೆಲ್ಲ ಪಾಠವನ್ನು ತಿದ್ದುತ್ತಲೇ ಇರುತ್ತೇನೆ. ಪ್ರಾರ್ಥನೆಯ ನಡುವೆ ಮನಸ್ಸು ಅಲೆದರೆ ಮತ್ತೆ ಮೊದಲಿನಿಂದ ಹೇಳುತ್ತೇನೆ. ತಂದೆಯಂತೆ ಪರಿಪೂರ್ಣರಾಗಿರಿ ಎಂದು ಯೇಸುವೇ ಹೇಳಿರುವಾಗ ಎಲ್ಲಿ ನಿಲ್ಲಿಸುವುದು? ಇದರಿಂದ ಹೊರಬಂದವರು ದಯವಿಟ್ಟು ತಿಳಿಸಿ.

ಸಭೆಯ ಗಾಯನ ವೃಂದದಲ್ಲಿರುವ ಒಬ್ಬರು: ಸಹೋದರಿ, ನನ್ನನ್ನೂ ಬಹಳ ಕಾಲ ಹೆದರಿಸಿದ ವಚನ ಅದು. ಮತ್ತಾಯ 5ನೆಯ ಅಧ್ಯಾಯದ 48ನೆಯ ವಚನವನ್ನು ಬಿಡಿಯಾಗಿ ಓದಬೇಡಿ, 43ರಿಂದ ಓದಿ. ಅಲ್ಲಿ ಯೇಸು ಹೇಳುತ್ತಿರುವುದು ವೈರಿಗಳನ್ನು ಪ್ರೀತಿಸುವ ವಿಷಯ. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯನನ್ನು ಮೂಡಿಸಿ ಮಳೆ ಸುರಿಸುವ ತಂದೆಯಂತೆ, ಯಾರನ್ನೂ ಹೊರಗಿಡದೆ ಪ್ರೀತಿಸಿ ಎನ್ನುತ್ತಾನೆ. ಹಾಡಿನಲ್ಲಿ ಸ್ವರ ತಪ್ಪಬಾರದು, ಪಾಠದಲ್ಲಿ ಒಂದು ಮಾತೂ ಬಿಟ್ಟುಹೋಗಬಾರದು ಎಂಬ ಅರ್ಥವನ್ನು ಅದಕ್ಕೆ ತುಂಬಿದ್ದು ನಾವೇ. ನನ್ನ ಪರಿಪೂರ್ಣತೆಯ ಹಟ ಪಕ್ಕದಲ್ಲಿ ನಿಂತು ಹಾಡುವವರ ಮೇಲೆ ಸಿಟ್ಟಾಗಿ ತಿರುಗುತ್ತಿತ್ತು. ಅಂದರೆ ಆ ವಚನ ಕೇಳುವ ಪ್ರೀತಿಯನ್ನೇ ಅದು ತಿಂದುಹಾಕುತ್ತಿತ್ತು! ಈಗ ಅಭ್ಯಾಸ ಮುಗಿದ ಮೇಲೆ ಹಾಡಿನ ಪುಸ್ತಕವನ್ನು ಮನೆಯಲ್ಲಿ ಮತ್ತೆ ತೆರೆಯುವುದಿಲ್ಲ. ಆ ಹೊತ್ತಿನಲ್ಲಿ ಗುಂಪಿಗೆ ಹೊಸದಾಗಿ ಸೇರಿದವರಿಗೆ ಫೋನ್ ಮಾಡಿ ಮಾತನಾಡುತ್ತೇನೆ. ಮನಸ್ಸಿನ ಬಿಗಿ ಸಡಿಲವಾಗಿದ್ದು ಅಲ್ಲಿಂದಲೇ.

ಒಬ್ಬ ಕಥೋಲಿಕ ಓದುಗರು: ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲಾದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮೊನ್ಸೆರಾತ್‌ನಲ್ಲಿ ತಮ್ಮ ಪಾಪಗಳನ್ನೆಲ್ಲ ಬರೆದುಕೊಂಡೇ ಪಾಪನಿವೇದನೆ (ಗುರುಗಳ ಮುಂದೆ ಪಾಪಗಳನ್ನು ಹೇಳಿ ಕ್ಷಮೆ ಪಡೆಯುವುದು) ಮಾಡಿದ್ದರು. ಆದರೂ ಹತ್ತಿರದ ಮನ್ರೇಸಾ ಊರಿಗೆ ಬಂದಮೇಲೆ ಏನೋ ಬಿಟ್ಟುಹೋಗಿದೆ ಎಂಬ ಅಳುಕು ತಿಂಗಳುಗಟ್ಟಲೆ ಕಾಡಿತು. ತೀರಾ ಸ್ಪಷ್ಟವಾಗಿರುವ ಹಳೆಯ ಪಾಪವನ್ನು ಮಾತ್ರ ಹೇಳು ಎಂದರು ಅವರ ಗುರುಗಳು. ಇಗ್ನೇಷಿಯಸರಿಗೋ ಎಲ್ಲವೂ ಸ್ಪಷ್ಟವೇ! ಕೊನೆಗೆ ಹಳೆಯದನ್ನು ಮತ್ತೆ ನಿವೇದಿಸುವುದನ್ನೇ ನಿಲ್ಲಿಸಲು ನಿರ್ಧರಿಸಿದರು, ಬಿಡುಗಡೆ ಸಿಕ್ಕಿತು. ನನ್ನ ಗುರುಗಳು ಈ ಕಥೆ ಹೇಳಿ, ಒಮ್ಮೆ ಕ್ಷಮೆ ಪಡೆದುದನ್ನು ಮತ್ತೆ ತರಬಾರದು ಎಂದರು. ನಾನು ಆ ಮಾತಿಗೆ ವಿಧೇಯನಾದೆ. ಮೊದಮೊದಲು ಕಸಿವಿಸಿಯಾಗುತ್ತಿತ್ತು, ಆದರೂ ಬಿಡಲಿಲ್ಲ. ನೀವೂ ಮನಸ್ಸು ಅಲೆದರೆ, ಅಲೆದ ಕಡೆಯಿಂದಲೇ ಪ್ರಾರ್ಥನೆಯನ್ನು ಮುಂದುವರಿಸಿ.

ನಿವೃತ್ತ ಶಿಕ್ಷಕಿ: ಮಗಳೇ, ಶನಿವಾರ ಊಟಕ್ಕೆ ಮುಂಚೆಯೇ ಪಾಠ ಮುಚ್ಚಿಡು. ತನ್ನನ್ನು ಕಾಡುತ್ತಿದ್ದ ಬಾಧೆಯನ್ನು, ಅಂದರೆ ‘ಶರೀರದ ಮುಳ್ಳನ್ನು’, ತೆಗೆದುಬಿಡು ಎಂದು ಅಪೊಸ್ತಲ ಪೌಲನು ಮೂರು ಸಾರಿ ಕರ್ತನನ್ನು ಬೇಡಿದರೂ ಅದು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ನಾನು ದೀಪ ಆರಿಸುವ ಮುನ್ನ ಅಷ್ಟನ್ನೇ ಹೇಳಿ ಮಲಗುತ್ತೇನೆ.

ಇನ್ನೊಂದು ಮಾತು. ಬೇಡವೆಂದರೂ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಲೇಬೇಕೆನಿಸಿದರೆ, ಅದು ಗೀಳು ಕಾಯಿಲೆಯೂ ಆಗಿರಬಹುದು. ವಿಶ್ವಾಸ ಕಡಿಮೆಯಾಗಿದೆ ಎಂದು ಕೊರಗಬೇಡ, ವೈದ್ಯರನ್ನು ಕಾಣು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.