ಡ್ರೈವ್‌ವೇನಲ್ಲಿ ಬೋಟ್ ನಿಲ್ಲಿಸಿದ್ದಕ್ಕೆ ನೋಟಿಸ್ ಬಂದಿದೆ, ಸಹಾಯ ಬೇಕು
ಎಲ್ರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಫಾಲ್ಸಮ್ ಕಡೆ ಇರೋ ಕನ್ನಡದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಹೋದ ತಿಂಗಳು 18 ಅಡಿಯ ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡ್ವಿ, ಟ್ರೈಲರ್ ಸಮೇತ. ಗೋಲ್ಡನ್ ಮಸಲ್ ಅನ್ನೋ ಕಪ್ಪೆಚಿಪ್ಪಿನ ಕಾಟಕ್ಕೆ 2025ರಲ್ಲಿ ಫಾಲ್ಸಮ್ ಲೇಕ್‌ನಲ್ಲಿ ಹೊಸ ರೂಲ್ ತಂದ್ರಲ್ಲ, ಇನ್‌ಸ್ಪೆಕ್ಷನ್ ಮಾಡ್ಸಿ ಬೋಟಿಗೂ ಟ್ರೈಲರಿಗೂ ಸೇರಿಸಿ ಸೀಲ್ ಹಾಕಿಸ್ಕೊಂಡು 30 ದಿನ ನೀರಿಗಿಳಿಸದೆ ಇಡಬೇಕು ಅಂತ, ಅದಕ್ಕೇ ಮನೆ ಮುಂದೆ ಡ್ರೈವ್‌ವೇನಲ್ಲಿ ನಿಲ್ಲಿಸಿದ್ವಿ. 9ನೇ ದಿನಕ್ಕೆ ನಮ್ಮ ಎಚ್‌ಓಎಯಿಂದ, ಅಂದ್ರೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ, ಲೆಟರ್ ಬಂತು, ರಸ್ತೆಯಿಂದ ಬೋಟ್ ಕಾಣೋ ಹಾಗಿಲ್ಲ, ತೆಗೀರಿ ಅಂತ, ಜೊತೆಗೆ ಫೋಟೋ ಬೇರೆ, ಅದರಲ್ಲಿ ಮಗಳು ಬಾಗಿಲಲ್ಲಿ ಹಾಕಿದ ರಂಗೋಲಿನೂ ಬಿದ್ದಿದೆ, ನೋಡಿ ಮನಸ್ಸಿಗೆ ತುಂಬಾ ಬೇಜಾರಾಯ್ತು.

ರಸ್ತೇಲಿ ನಿಲ್ಲಿಸೋಣ ಅಂದ್ರೆ 72 ಗಂಟೆ ಮೀರಿದ್ರೆ ಟೋ ಮಾಡೋ ಅಧಿಕಾರ ಸಿಟಿಗಳಿಗಿದೆ. ಸಿಟಿ ರೂಲ್ ಬೇರೆ, ಎಚ್‌ಓಎ ರೂಲ್ ಬೇರೆ, ಸಿಟಿ ಒಪ್ಪಿದ್ರೂ ಇವ್ರು ಬೇಡ ಅನ್ನಬಹುದು, ಅಷ್ಟು ಗೊತ್ತು. ಫೈನ್ ಹಾಕೋ ಮೊದಲು ಹಿಯರಿಂಗ್‌ಗೆ ಕನಿಷ್ಠ 10 ದಿನ ಮುಂಚೆ ನೋಟಿಸ್ ಕೊಡ್ಬೇಕು ಅಂತ ಎಚ್‌ಓಎಗಳಿಗಿರೋ ಕ್ಯಾಲಿಫೋರ್ನಿಯಾ ಕಾನೂನು ಡೇವಿಸ್-ಸ್ಟರ್ಲಿಂಗ್ ಆಕ್ಟ್‌ನಲ್ಲೂ ಓದಿದೆ.

ಮನೆ ಪಕ್ಕದಲ್ಲಿ 10 ಅಡಿ ಜಾಗ ಇದೆ, 6 ಅಡಿ ಫೆನ್ಸ್ ಹಿಂದೆ ಇಟ್ರೂ ವಿಂಡ್‌ಶೀಲ್ಡ್ ಒಂದು ಗೇಣು ಮೇಲೆ ಕಾಣತ್ತೆ. ಆ ಥರ ಇಡೋಕೆ ಎಚ್‌ಓಎಯ ಆರ್ಕಿಟೆಕ್ಚರಲ್ ಕಮಿಟಿ (ಮನೆ ಹೊರಗಿನ ಬದಲಾವಣೆಗೆ ಒಪ್ಪಿಗೆ ಕೊಡೋರು) ಪರ್ಮಿಷನ್ ತಗೊಂಡವರು ಯಾರಾದ್ರೂ ಇದ್ದೀರಾ? ಅರ್ಜಿ ಹೇಗೆ ಬರೆದ್ರಿ? ಸೀಲ್ ಅವಧಿ ಮುಗಿಯೋವರೆಗಾದ್ರೂ ಟೈಮ್ ಕೇಳಿದ್ರೆ ಕೊಡ್ತಾರಾ? ಹಿಯರಿಂಗ್ ಮುಂದಿನ ಗುರುವಾರ ಇದೆ, ಅಷ್ಟರೊಳಗೆ ಹೇಳಿದ್ರೆ ದೊಡ್ಡ ಉಪಕಾರ ಆಗತ್ತೆ.