ನಾಣ್ಯದ ಗ್ರೇಡಿಂಗ್: ವಿಎಫ್ ಯಾವ್ದು ಎಕ್ಸ್‌ಎಫ್ ಯಾವ್ದು, ಹೆಂಗೆ ಗೊತ್ತಾಗುತ್ತೆ?

ಕಾಸು_ತುಮಕೂರು:
ನಮಸ್ಕಾರ ಎಲ್ರಿಗೂ. ಅಜ್ಜಿ ಕಡೆಯಿಂದ ಬಂದಿರೋ ಬೆಳ್ಳಿ ರೂಪಾಯಿ ಒಂದಷ್ಟಿವೆ, ಜಾಸ್ತಿ 1918ರ ಐದನೇ ಜಾರ್ಜ್, ಒಂದು 1907ರ ಎಡ್ವರ್ಡ್. ಒಂದೇ 1918ರ ನಾಣ್ಯನ ಒಬ್ಬ ಡೀಲರ್ ವಿಎಫ್ (ವೆರಿ ಫೈನ್, ಸ್ವಲ್ಪ ಸವೆದಿದ್ದು) ಅಂದ್ರು, ನಾಣ್ಯ ಮೇಳದಲ್ಲಿ ಇನ್ನೊಬ್ರು ತಿರುಗ್ಸಿ ನೋಡಿ "ಆರಾಮಾಗಿ ಎಕ್ಸ್‌ಎಫ್ ಬರುತ್ತೆ ಬಿಡಿ" ಅಂದ್ರು, ಅಂದ್ರೆ ಎಕ್ಸ್‌ಟ್ರೀಮ್ಲಿ ಫೈನ್, ಇನ್ನೂ ಕಮ್ಮಿ ಸವೆದಿದ್ದು. ಕೊಳ್ಳೋವಾಗ ಒಂದು ಗ್ರೇಡು, ಮಾರೋವಾಗ ಇನ್ನೊಂದಾ? ಅದ್ರ ಮೇಲೆ ಯೂಟ್ಯೂಬಲ್ಲಿ ಎಯು 58, ಎಂಎಸ್ 63 ಅಂತೆಲ್ಲ ನಂಬರ್ ಹೇಳ್ತಾರೆ, 70ಕ್ಕೇ ನಿಲ್ಲುತ್ತಂತೆ, ಯಾಕೆ 100 ಇಲ್ಲ? ಮನೇಲೇ ಕೂತು ನೋಡ್ಬೇಕಂದ್ರೆ ಎಲ್ಲಿ ನೋಡ್ಬೇಕು ಅಂತ ಯಾರಾದ್ರೂ ಹೇಳಿ. ಇನ್ನೊಂದು, ಎಡ್ವರ್ಡ್ ಕಪ್ಪಗಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನುತ್ತೆ ಅಂತಿದಾರೆ ಅಮ್ಮ. ತಿಕ್ಕಲಾ?

ಟಂಕಸಾಲೆ:
ಬೇಡ!! ಮೊದ್ಲು ಅಮ್ಮನ ಕೈಗೆ ಸಿಗದಂಗೆ ಎತ್ತಿಡಿ 😄 ಹುಣಸೆಹಣ್ಣು, ಸೋಡಾ, ಪೇಸ್ಟು, ವಿಭೂತಿ ಯಾವ್ದೂ ಬೇಡ. ಕಪ್ಪು ಬಂದಿರೋದು ಬೆಳ್ಳಿ ಗಾಳಿಯಲ್ಲಿರೋ ಗಂಧಕದ ಜೊತೆ ಸೇರಿ, ಅದನ್ನ ಟೋನಿಂಗ್ ಅಂತೀವಿ, ಚೆನ್ನಾಗಿ ಬಂದಿದ್ರೆ ಅದಕ್ಕೇ ಜಾಸ್ತಿ ಕೊಡೋರಿದಾರೆ. ತಿಕ್ಕಿದ್ರೆ ಕೂದಲೆಳೆಯಂಥ ಗೀರು ನೂರಾರು ಬೀಳುತ್ತೆ, ಅದು ಮತ್ತೆ ಹೋಗಲ್ಲ.

ಈಗ ನಂಬರ್ ವಿಷ್ಯ. ಅದು ಶೆಲ್ಡನ್ ಸ್ಕೇಲ್, ವಿಲಿಯಂ ಶೆಲ್ಡನ್ ಅಂತ ಅಮೆರಿಕದವನು 1949ರಲ್ಲಿ ಅಲ್ಲಿನ ಹಳೇ ದೊಡ್ಡ ತಾಮ್ರದ ಸೆಂಟ್‌ಗೆ ಅಂತ ಮಾಡಿದ್ದು. ಅವನ ಲೆಕ್ಕದಲ್ಲಿ ಗ್ರೇಡ್ 1ರ ನಾಣ್ಯಕ್ಕೆ ಎಷ್ಟು ಬೆಲೆಯೋ ಅದರ 70 ಪಟ್ಟು ಅತ್ಯುತ್ತಮ ನಾಣ್ಯಕ್ಕೆ, ಅದಕ್ಕೇ 70. ಆ ಬೆಲೆ ಲೆಕ್ಕ ಯಾವತ್ತೋ ಬಿದ್ದೋಯ್ತು, ನಂಬರ್ ಮಾತ್ರ ಉಳ್ಕೊಂಡಿದೆ. ವಿಎಫ್ ಅಂದ್ರೆ 20ರಿಂದ 35, ಎಕ್ಸ್‌ಎಫ್ 40, 45, ಎಯು (ಹೆಚ್ಚುಕಮ್ಮಿ ಹೊಸದು) 50ರಿಂದ 58, ಚಲಾವಣೆಗೇ ಹೋಗದೆ ಇರೋದು, ಅಂದ್ರೆ ಎಂಎಸ್, 60ರಿಂದ 70. ನಿಮ್ಮ ಇಬ್ರು ಡೀಲರ್‌ಗಳ ಜಗಳ 35ಕ್ಕೂ 40ಕ್ಕೂ ನಡುವಿಂದು ಅನ್ಸುತ್ತೆ, ಅಲ್ಲಿ ಯಾರೂ ಪೂರ್ತಿ ಸುಳ್ಳು ಹೇಳ್ತಿಲ್ಲ, ಅವರವರ ಲಾಭಕ್ಕೆ ಒಂದೊಂದು ಮೆಟ್ಲು ಹತ್ತಿ ಇಳೀತಾರೆ ಅಷ್ಟೆ.

ನೋಡೋ ರೀತಿ: ಟ್ಯೂಬ್‌ಲೈಟ್ ಕೆಳಗೆ ನೋಡ್ಬೇಡಿ, ಅದ್ರಲ್ಲಿ ಗೀರು ಕಾಣ್ಸಲ್ಲ. ಒಂದೇ ಒಂದು ಟೇಬಲ್ ಲ್ಯಾಂಪ್ ಸಾಕು. ಅಂಚು ಹಿಡ್ಕೊಂಡು ನಿಧಾನಕ್ಕೆ ವಾಲ್ಸಿ. ಹೊಸ ನಾಣ್ಯ ಆದ್ರೆ ಬೆಳಕು ಗಾಡಿ ಚಕ್ರದ ಕಡ್ಡಿ ತಿರುಗ್ದಂಗೆ ಮೈಮೇಲೆ ಓಡಾಡುತ್ತೆ, ಅದೇ ಲಸ್ಟರ್. ಆಮೇಲೆ ಎತ್ತರದ ಜಾಗ ನೋಡಿ, ಸವೆಯೋದು ಮೊದ್ಲು ಅಲ್ಲೇ. ಜಾರ್ಜ್‌ಗೆ ಕಿರೀಟದ ಹರಳು, ಹುಬ್ಬು, ಕಿವಿ, ಎದೆ ಮೇಲಿನ ಸರದಲ್ಲಿರೋ ಆನೆ. ಎಡ್ವರ್ಡಿಗೆ ಕಿರೀಟ ಇಲ್ಲ, ಹಂಗಾಗಿ ಕಿವಿ ಮೇಲಿನ ಕೂದಲು, ಗಡ್ಡ. ಅಲ್ಲಿ ಬೆಳಕು ಓಡೋದು ನಿಂತು ಮಂಕು ಬೂದು ಬಣ್ಣ ಕಂಡ್ರೆ ಸವೆದಿದೆ ಅಂತ. ಗೆರೆ ಇಲ್ದೆ ನುಣ್ಣಗಿದ್ರೂ ಹೊಳಪು ಹಂಗೇ ಇದ್ರೆ ಅದು ಸವೆತ ಅಲ್ಲ, ಅಚ್ಚು ಸರಿಯಾಗಿ ಒತ್ತಿಲ್ಲ ಅಷ್ಟೆ. ತುಂಬಾ ಜನ ಮುಗ್ಗರಿಸೋದು ಇಲ್ಲೇ.

(ಆ ಆನೆದೂ ಒಂದು ಕಥೆ, 1911ರ ರೂಪಾಯಲ್ಲಿ ಸೊಂಡಿಲು ಗಿಡ್ಡ ಆಗಿ ಹಂದಿ ಥರ ಕಾಣ್ತಿದೆ ಅಂತ ಗಲಾಟೆ ಆಗಿ 1912ಕ್ಕೆ ತಿದ್ದಿದ್ರು. ಯಾರಾದ್ರೂ 'ಹಂದಿ ರೂಪಾಯಿ' ಅಂದ್ರೆ ಅದೇ.)

ಚಿಕ್ಕಪೇಟೆ ರಾಯರು:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ನಮ್ಮ ರೂಪಾಯಿಗಳಲ್ಲಿ ಅಂಚನ್ನ ಮೊದ್ಲು ನೋಡಿ ಅಂತೀನಿ ನಾನು. ಮನೆಮನೇಲೂ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಹಾಕ್ಕೋತಿದ್ರಲ್ಲ, ಆ ಕೊಂಡಿ ತೆಗೆದು ಅರ ಹಾಕಿ ನುಣುಪು ಮಾಡಿ ಮಾರ್ತಾರೆ, 12 ಗಂಟೆ ಜಾಗದಲ್ಲಿ ಅಂಚಿನ ಗೆರೆ ಅಳಿಸಿರುತ್ತೆ. ಶರಾಫರು ಬೆಳ್ಳಿ ಪರೀಕ್ಷೆಗೆ ಹೊಡೆದ ಸಣ್ಣ ಠಸ್ಸೆ ಬೇರೆ. ಇಂಥದ್ದಿದ್ರೆ ಮುಖ ಎಷ್ಟು ಚೆನ್ನಾಗಿದ್ರೂ ಗ್ರೇಡಿಂಗ್ ಕಂಪನಿ ನಂಬರ್ ಕೊಡಲ್ಲ, 'ಎಕ್ಸ್‌ಎಫ್ ಡೀಟೇಲ್ಸ್' ಅಂತ ಬರೆದು ಪಕ್ಕದಲ್ಲಿ ದೋಷ ಬರೀತಾರೆ. ತೂಕನೂ ಹಾಕಿ, 11.66 ಗ್ರಾಂ ಇರ್ಬೇಕು, ಸವೆದಿದ್ರೆ ಚೂರು ಕಮ್ಮಿ.

ಕಾಸು_ತುಮಕೂರು:
ಥ್ಯಾಂಕ್ಸ್ ಸರ್, ಇಬ್ರಿಗೂ. ಅಂಚು ಎಲ್ಲಾದ್ರದ್ದೂ ಸರಿ ಇದೆ, ಒಂದಕ್ಕೆ ಮಾತ್ರ ಠಸ್ಸೆ ಇದೆ. ಹಂಗಾದ್ರೆ ಚೆನ್ನಾಗಿರೋ 1918ನ್ನ ಅಮೆರಿಕಕ್ಕೆ, ಎನ್‌ಜಿಸಿ ಅನ್ನೋ ಗ್ರೇಡಿಂಗ್ ಕಂಪನಿಗೆ ಕಳ್ಸಿ ಸ್ಲ್ಯಾಬ್ (ಗ್ರೇಡ್ ಬರೆದು ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ) ಮಾಡಿಸ್ಬಹುದಾ?

ಚಿಕ್ಕಪೇಟೆ ರಾಯರು:
ಕಳಿಸೋ ಹಾಗಿಲ್ಲ ಮಾರಾಯ್ರೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ನಾವು ನೀವು ಹೊರದೇಶಕ್ಕೆ ಕಳಿಸಿದ್ರೆ ಅಪರಾಧ. 1918 ಯಾವಾಗ್ಲೋ ನೂರು ದಾಟಿದೆ. ಆರನೇ ಜಾರ್ಜ್ ನಾಣ್ಯ ಆದ್ರೆ ಸದ್ಯಕ್ಕೆ ಈ ತಾಪತ್ರಯ ಇಲ್ಲ. ಮತ್ತೆ 1918 ಅಂದ್ರೆ ರಾಶಿ ರಾಶಿ ಸಿಗುತ್ತೆ. ಮಹಾಯುದ್ಧದಲ್ಲಿ ಇಲ್ಲಿ ಬೆಳ್ಳಿ ಖಾಲಿ ಆಗಿ ಅಮೆರಿಕದವ್ರು ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿ ಬೆಳ್ಳಿ ಡಾಲರ್ ಕರಗಿಸಿದ್ರು, ಬಹುಪಾಲು ಬೆಳ್ಳಿ ಇಂಡಿಯಾಗೆ ಅಂತ ಬ್ರಿಟಿಷರಿಗೆ ಮಾರಿದ್ರು. ಅಷ್ಟು ಸಿಗೋ ನಾಣ್ಯ ವಿಎಫ್ ಆದ್ರೇನು ಎಕ್ಸ್‌ಎಫ್ ಆದ್ರೇನು, ಬೆಳ್ಳಿ ರೇಟಿಗಿಂತ ಸ್ವಲ್ಪ ಮೇಲೆ, ಅಷ್ಟೆ.

ಮಯಿಲಿಕಾಸು:
ನೀವೆಲ್ಲ ಮೆಷಿನ್ ನಾಣ್ಯದೋರು 😏 ನಾನು ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಇಂಥ ಹಳೇ ತಾಮ್ರದ ನಾಣ್ಯ ಕೂಡಿಸೋನು, ಅಲ್ಲಿ ಈ 70 ನಂಬರ್ ಕಟ್ಕೊಂಡು ಏನ್ ಮಾಡ್ಲಿ? ಸುತ್ತಿಗೇಲಿ ಹೊಡೆದಿದ್ದು, ಬಿಲ್ಲೆಗಿಂತ ಅಚ್ಚೇ ದೊಡ್ಡದು, ಸವೀದೇ ಇರೋದ್ರಲ್ಲೂ ಅರ್ಧ ಅಕ್ಷರ ಹೊರಗಡೆ ಹೋಗಿರುತ್ತೆ. ಆನೆ ಪೂರ್ತಿ ಬಿದ್ದಿದ್ಯಾ, ಟಂಕಸಾಲೆ ಹೆಸರು, ಇಸವಿ ಓದಕ್ಕಾಗುತ್ತಾ ಅಂತ ನೋಡ್ತೀನಿ, ಬೆಲೆ ನಿಂತಿರೋದೂ ಅದರ ಮೇಲೇ.

ಟಂಕಸಾಲೆ:
ಒಪ್ಕೊಂಡೆ ಗುರು. ರೂಪಾಯಲ್ಲೂ ನಂಬರ್ ಒಂದೇ ಹಿಡ್ಕೊಂಡ್ರೆ ಎಡವಟ್ಟೇ, ಚೀಲದಲ್ಲಿ ಒಂದಕ್ಕೊಂದು ಬಡಿದು ಗಾಯ ಆಗಿರೋ ಎಂಎಸ್ 61ಗಿಂತ ಎಯು 58 ಎಷ್ಟೋ ಸಲ ನೋಡಕ್ಕೆ ಚೆಂದ ಇರುತ್ತೆ, ನಾನಾದ್ರೆ 58ನ್ನೇ ತಗೋತೀನಿ.

@ಕಾಸು_ತುಮಕೂರು, ಮೆತ್ತನೆ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ರೆ ಇವತ್ತೇ ತೆಗೀರಿ, ಪಿವಿಸಿ ಇರೋದು ಹಸಿರು ಅಂಟು ಬಿಡುತ್ತೆ. ಮೈಲಾರ್ (ಪಿವಿಸಿ ಇಲ್ಲದ ಪಾರದರ್ಶಕ ಹಾಳೆ) ಹಾಕಿರೋ ರಟ್ಟಿನ ಹೋಲ್ಡರ್ ತಗೊಳ್ಳಿ. ಎಡ್ವರ್ಡ್ ಫೋಟೋನ ಲ್ಯಾಂಪ್ ಕೆಳಗೆ ಎರಡು ಕಡೆ ವಾಲ್ಸಿ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀವಿ.