ಸಹಾಯ ಬೇಕು: ನಸ್ರೀನ್ ಮೊಹಮದಿಯವರ ಗೆರೆಗಳನ್ನು ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಭಾರತೀಯ ಕಲಾವಿದೆ ನಸ್ರೀನ್ ಮೊಹಮದಿ (1937–1990) ಅವರ ಒಂದು ರೇಖಾಚಿತ್ರದ ಬಗ್ಗೆ ಬರೆಯಲು ಕೂತು ವಾರವಾಯಿತು, ಎರಡು ಸಾಲು ದಾಟಿಲ್ಲ. ಚಿತ್ರಕಲೆ ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಕಾಗದ, ಪೆನ್ಸಿಲ್, ಶಾಯಿ, ಅಷ್ಟೇ. ಬಣ್ಣವಿಲ್ಲ, ಆಕೃತಿಯಿಲ್ಲ. ಓರೆಯಾಗಿ ಏರುವ ಗೆರೆಗಳು ಕೆಳಗೆ ಒತ್ತೊತ್ತಾಗಿವೆ, ಮೇಲೆ ಹೋದಂತೆ ನಡುವಿನ ಜಾಗ ಅಗಲವಾಗುತ್ತದೆ. ಕಣ್ಣಿಗೆ ಹತ್ತಿರ ಹಿಡಿದರೆ ಒಂದೇ ಗೆರೆ ಇಲ್ಲಿ ದಪ್ಪ, ಮುಂದೆ ಕೂದಲೆಳೆಯಷ್ಟು ತೆಳು, ಆಮೇಲೆ ಎಲ್ಲಿ ನಿಂತಿತೆಂದೇ ತಿಳಿಯುವುದಿಲ್ಲ. ಶೀರ್ಷಿಕೆಯಿಂದಲೂ ಸುಳಿವಿಲ್ಲ, ಅವರ ಬಹುತೇಕ ಕೃತಿಗಳಿಗೆ ಹೆಸರೇ ಇಲ್ಲ.

ಕೆಲವರು ಇದರಲ್ಲಿ ಕಡಲು, ಮರಳುಗಾಡು ಕಾಣುತ್ತಾರೆ. ನಸ್ರೀನ್ ತೆಗೆದ ಫೋಟೋಗಳಲ್ಲಿ ಕಡಲತೀರ, ಕಟ್ಟಡದ ಅಂಚು, ಮಗ್ಗದ ನೂಲು ಇರುವುದರಿಂದ ಆ ಮಾತಿಗೆ ಆಧಾರವಿದೆ. ಇನ್ನು ಕೆಲವರು ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ ನರರೋಗದ ಜೊತೆ ತಳುಕು ಹಾಕುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಕಲಾವಿದೆ ಎಂದೊಡನೆ ಅವಳ ನೋವಿನಿಂದಲೇ ಯಾಕೆ ಶುರು ಮಾಡಬೇಕು? 1972ರಿಂದ ಬರೋಡಾದಲ್ಲಿ ಕಲಿಸುತ್ತಾ, ಕಟ್ಟಡದ ನಕ್ಷೆ ಬರೆಯುವವರ ಉಪಕರಣ ಹಿಡಿದು ಗೆರೆ ಎಳೆದವರು ಅವರು. ಆ ಶಿಸ್ತೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ನನ್ನ ಪ್ರಶ್ನೆ ಖಾಲಿ ಬಿಟ್ಟ ಜಾಗದ್ದು. ಗೆರೆಗಳ ಅಂತರವನ್ನು ಆಲಾಪದ ನಡುವಿನ ಮೌನದಂತೆ, ಲಯವಾಗಿ ಓದಿದರೆ ತಪ್ಪಾಗುತ್ತದೆಯೇ? ಅಥವಾ ಹೋಲಿಕೆ ಹುಡುಕದೆ ಕಂಡಷ್ಟನ್ನೇ ಬರೆಯಲೇ? ಅವರ ಮೂಲ ಕೃತಿಗಳನ್ನು ಎದುರಿಗೆ ನಿಂತು ನೋಡಿದವರಿದ್ದರೆ, ಕಣ್ಣು ಮೊದಲು ಎಲ್ಲಿ ಹೋಯಿತು ಎಂದು ತಿಳಿಸುತ್ತೀರಾ?